ಮುಖ ಒಳಗೆ, ಬೆನ್ನು ಹೊರಗೆ

ಟ್ಯಾಲ್ಬರ್ಟ್ ಊರಿನಲ್ಲಿ ಓಜೆಲ್ಲಾ ಇಸ್ತ್ರಿ ಮಾಡಿದ ಅಂಗಿಯನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ತೋಳಿನ ಗೆರೆ ಭುಜದಿಂದ ಹೊರಟು ಮಣಿಕಟ್ಟಿನವರೆಗೆ ಒಂದೇ ಉಸಿರಿಗೆ ಇಳಿದಿರುತ್ತಿತ್ತು. ಬೆಳಗಿನ ಪ್ರಾರ್ಥನೆಗೆ ಕಾಲರು ಹೇಗೆ ನಿಂತಿರುತ್ತಿತ್ತೋ ಮಧ್ಯಾಹ್ನ ಊಟ ಮುಗಿಸಿ ಬರುವಾಗಲೂ ಹಾಗೇ ನಿಂತಿರುತ್ತಿತ್ತು. ಅಲಬಾಮಾದ ಸೆಕೆಯಲ್ಲಿ ಬಟ್ಟೆಯನ್ನು ಹಾಗೆ ನಿಲ್ಲಿಸುವುದು ಎಲ್ಲರ ಕೈಲಾಗುವ ಮಾತಲ್ಲ. ಮದುವೆಗೆ, ಮಣ್ಣಿಗೆ, ಕೋರ್ಟಿಗೆ ಹೊರಟವರು ಅವಳ ಹಿತ್ತಿಲ ಬಾಗಿಲಿಗೆ ಬಟ್ಟೆ ಗಂಟು ತಂದಿಟ್ಟು ಹೋಗುತ್ತಿದ್ದರು.

ಹದಿಮೂರನೆಯ ವಯಸ್ಸಿಗೆ ಅವಳು ಬಿಳಿಯರ ಲಾಂಡ್ರಿ ಸೇರಿದ್ದಳು. ಅಲ್ಲಿ ಹಬೆಯ ನಡುವೆ ಮೂವತ್ತು ವರ್ಷ ಕಳೆದಿದ್ದ ಮುದುಕಿಯೊಬ್ಬಳು ಮೊದಲ ದಿನವೇ ಅವಳ ಕೈ ಹಿಡಿದು, "ಮುಖ ಒಳಗೆ, ಬೆನ್ನು ಹೊರಗೆ. ಇಷ್ಟು ತಿಳ್ಕೊ ಮಗೀ, ಉಳಿದದ್ದು ತಾನಾಗೇ ಬರತ್ತೆ" ಎಂದಿದ್ದಳು. ಬಟ್ಟೆಯ ಮುಖಕ್ಕೆ ಕಾದ ಕಬ್ಬಿಣ ತಾಗಬಾರದು. ಎರಡು ಅಂಗಿಗಳನ್ನು ಮುಖಕ್ಕೆ ಮುಖ ಕೊಟ್ಟು ಜೋಡಿಸಿ, ಗಂಜಿನೀರು ಚಿಮುಕಿಸಿ, ಬೆನ್ನ ಮೇಲೆ ಇಸ್ತ್ರಿ ಓಡಿಸಬೇಕು. ಆಮೇಲೆ ಜೋಡಿಗಳನ್ನು ಒಂದರ ಮೇಲೊಂದು ಪೇರಿಸಿ, ಹಲಗೆ ಹೇರಿ ತಣಿಯಲು ಬಿಡಬೇಕು. ಹಾಗೆ ಮಾಡಿದರೆ ಗುಂಡಿ ಒಡೆಯುವುದಿಲ್ಲ, ಕಸೂತಿ ಕೆಡುವುದಿಲ್ಲ. ಓಜೆಲ್ಲಾ ಅದನ್ನು ಎಷ್ಟು ರೂಢಿ ಮಾಡಿಕೊಂಡಳೆಂದರೆ ಅಡಿಗೆಮನೆಯ ಕೈಬಟ್ಟೆಗೂ ಮುಖ ಯಾವುದು ಬೆನ್ನು ಯಾವುದು ಎಂದು ನೋಡಿಯೇ ಇಸ್ತ್ರಿ ಇಡುತ್ತಿದ್ದಳು.

ಅರವತ್ತೈದನೆಯ ಇಸವಿಯ ಜೂನ್ ತಿಂಗಳಲ್ಲಿ ಊರಿನ ಕಪ್ಪು ಜನ ವೋಟಿನ ಹಕ್ಕು ಕೇಳಿಕೊಂಡು ಕೋರ್ಟ್‌ಹೌಸಿನವರೆಗೆ ನಡೆದರು. ಆಗ ಅವಳಿಗೆ ಹದಿನೇಳು. ಭಾಷಣ ಮಾಡುವವರು ಇದ್ದರು, ಹಾಡು ಎತ್ತುವವರು ಇದ್ದರು. ಅವಳ ಪಾಲಿಗೆ ಬಂದದ್ದು ಇಸ್ತ್ರಿ. ಮೌಂಟ್ ನೀಬೋ ಚರ್ಚಿನ ನೆಲಮಾಳಿಗೆಯಲ್ಲಿ ಎರಡು ದಿನ ನಿಂತೇ ನೂರಿಪ್ಪತ್ತು ಜನರ ಬಟ್ಟೆ ಮುಗಿಸಿದಳು. "ಅವರು ನಮ್ಮನ್ನ ಏನ್ ಬೇಕಾದ್ರೂ ಮಾಡ್ಲಿ, ಪೇಪರಿನ ಫೋಟೋದಲ್ಲಿ ನಾವು ಚರ್ಚಿಗೆ ಹೊರಟೋರ ಥರಾನೇ ಕಾಣ್ಬೇಕು" ಎಂದು ಹಿರಿಯರು ಕಟ್ಟುನಿಟ್ಟು ಮಾಡಿದ್ದರು. ಆ ದಿನದ ಒಂದು ಫೋಟೋ ಇವತ್ತಿಗೂ ಚರ್ಚಿನ ಒಳಬಾಗಿಲ ಪಕ್ಕದ ಗೋಡೆಯಲ್ಲಿದೆ. ಇಪ್ಪತ್ತು ವರ್ಷದ ಯುಲಿಸಿಸ್ ಪ್ರೂಯಿಟ್ ಪೊಲೀಸರ ಏಟಿಗೆ ತಲೆ ಒಡೆದು ರಸ್ತೆಯ ಮೇಲೆ ಬಿದ್ದಿದ್ದಾನೆ. ಕಣ್ಣಿಗೆ ರಕ್ತ ಇಳಿದಿದೆ. ಆದರೆ ತೋಳಿನ ಗೆರೆ ಮುರಿದಿಲ್ಲ. ಆ ಗೆರೆ ಓಜೆಲ್ಲಾಳದು. ಅವಳ ಬಾಳಿನಲ್ಲಿ ಹೆಮ್ಮೆ ಎನ್ನುವುದು ಏನಾದರೂ ಇದ್ದರೆ ಅದು ಅಲ್ಲಿ, ಗಾಜಿನ ಹಿಂದೆ ಇತ್ತು.

ಪ್ರತಿ ವರ್ಷ ಆ ದಿನ ಬಂದಾಗ ಊರು ಮತ್ತೆ ಅದೇ ದಾರಿಯಲ್ಲಿ ನಡೆಯುತ್ತದೆ. ಅಂದು ನಡೆದವರು ಮೊದಲ ಸಾಲಿನಲ್ಲಿ, ಭಾನುವಾರದ ಬಿಳಿ ಉಡುಪಿನಲ್ಲಿ. ಅರವತ್ತನೆಯ ವರ್ಷಕ್ಕೆ ಬರುವ ಹೊತ್ತಿಗೆ ಅವರಲ್ಲಿ ಉಳಿದವರು ಒಂಬತ್ತು ಜನ.

ಆ ವರ್ಷ ಮಾತ್ರ ಊರು ಹಿಂದಿನಂತೆ ಇರಲಿಲ್ಲ. ಮಾರ್ಚ್ ತಿಂಗಳಲ್ಲಿ ಮಾರ್ಕೆಲ್ ಎಂಬ ಇಪ್ಪತ್ತೊಂದರ ಹುಡುಗ, ಮೀನು ಕಾರ್ಖಾನೆಯಿಂದ ಮನೆಗೆ ಬರುವಾಗ, ಕಾರಿನ ಹಿಂದಿನ ದೀಪ ಒಡೆದಿದೆ ಎಂದು ಪೊಲೀಸರ ಕೈಗೆ ಸಿಕ್ಕಿದ್ದ. ಮೂರು ದಿನ ಲಾಕಪ್ಪಿನಲ್ಲಿದ್ದ. ನಾಲ್ಕನೆಯ ದಿನ ಅವನ ತಾಯಿ ರೆನೀಟಾಳನ್ನು ಕರೆಸಿ ಹೆಣ ಕೊಟ್ಟರು. ಏನಾಯಿತೆಂದು ಜೂನ್ ಬಂದರೂ ಯಾರೂ ಹೇಳಿರಲಿಲ್ಲ.

ಓಜೆಲ್ಲಾಳ ಮೊಮ್ಮಗಳು ತಮೈರಾ ಅವನ ಜೊತೆ ಓದಿದವಳು. ಆರು ವರ್ಷದವಳಿದ್ದಾಗಿನಿಂದ ಅಜ್ಜಿಯ ಮನೆಯಲ್ಲೇ ಬೆಳೆದವಳು. ಹಗಲು ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವ ಕೆಲಸ; ಉಳಿದ ಹೊತ್ತೆಲ್ಲ ಚಿತ್ರ. ಮುಚ್ಚಿಹೋದ ಚಪ್ಪಲಿ ಅಂಗಡಿಯೊಂದರಲ್ಲಿ ಅವಳೂ ಅವಳ ಗೆಳೆಯರೂ ಸೇರಿ ಬಟ್ಟೆಯ ಮೇಲೆ ಅಚ್ಚು ಹಾಕುವ ಚೌಕಟ್ಟುಗಳನ್ನು ಇಟ್ಟುಕೊಂಡಿದ್ದರು. ಮೆರವಣಿಗೆಗೆಂದು ಅವಳು ಮಾರ್ಕೆಲ್‌ನ ಮುಖ ಬರೆದಳು. ಮುಂದಿನ ಹಲ್ಲುಗಳ ನಡುವೆ ಸಂದು ಬಿಟ್ಟ ನಗು, ತಲೆಗೆ ಮೀನು ಕಾರ್ಖಾನೆಯ ಬಲೆ ಟೋಪಿ. ಕಪ್ಪು ಅಂಗಿಯ ಎದೆಯ ಮೇಲೆ ಹಳದಿ ಬಣ್ಣದಲ್ಲಿ, ನಲವತ್ತು ಅಂಗಿ. ಅವನ್ನು ಹಾಕಿಕೊಂಡ ಹುಡುಗ ಹುಡುಗಿಯರು ಮೊದಲ ಸಾಲಿನಲ್ಲಿ ನಡೆಯಬೇಕು ಎನ್ನುವುದು ಅವರ ಬೇಡಿಕೆ.

ಮಂಗಳವಾರ ಚರ್ಚಿನಲ್ಲಿ ಕಮಿಟಿ ಸೇರಿತು. ಏಳು ಜನ ಹಿರಿಯರು, ಅವರಲ್ಲಿ ಓಜೆಲ್ಲಾಳೂ ಒಬ್ಬಳು. ಅಧ್ಯಕ್ಷ, ಫೋಟೋದಲ್ಲಿದ್ದ ಅದೇ ಯುಲಿಸಿಸ್; ಈಗ ಎಂಬತ್ತಾಗಿದ್ದ, ಚರ್ಚಿನ ಮೇಲ್ವಿಚಾರಣೆ ನೋಡುವ ಡೀಕನ್ ಪ್ರೂಯಿಟ್.

"ಹುಡುಗನ ಮುಖ ಬೇಡ ಅಂತ ನಾನೆಲ್ಲಿ ಅಂದೆ?" ಎಂದರು ಡೀಕನ್. "ಹೈಸ್ಕೂಲು ಮುಗಿಸ್ದಾಗ ಗೌನು ಹಾಕ್ಕೊಂಡು ತೆಗೆಸಿದ್ದು ಇದೆಯಲ್ಲಮ್ಮ, ಅದನ್ನ ಬರಿ. ಮೀನು ಸೀಳೋ ಟೋಪಿ ಯಾಕೆ ಬೇಕು?"

"ಗೌನು ಹಾಕಿದ್ದು ಒಂದ್ ದಿನ ಡೀಕನ್. ಆ ಟೋಪಿ ಹಾಕಿದ್ದು ಮೂರು ವರ್ಷ. ಅವನನ್ನ ಹಿಡ್ಕೊಂಡು ಹೋದಾಗ್ಲೂ ತಲೆ ಮೇಲೆ ಅದೇ ಇತ್ತು," ಎಂದಳು ತಮೈರಾ.

"ಊರು ನೋಡತ್ತೆ, ಟೀವಿ ನೋಡತ್ತೆ."

"ನೋಡ್ಲಿ ಅಂತಾನೇ."

"ನಿಮಗೆ ಬಟ್ಟೆ ಅಂದ್ರೆ ಬಟ್ಟೆ ಅಷ್ಟೇ. ನಮಗೆ ಅವತ್ತು ಅದೇ ಕವಚ ಆಗಿತ್ತು."

"ಕವಚ ಹಾಕ್ಕೊಂಡಿದ್ರೂ ನಿಮ್ಮ ತಲೆ ಒಡೆದ್ರಲ್ಲ ಡೀಕನ್."

ಹಿಂದಿನ ಕುರ್ಚಿಯಿಂದ ಒಬ್ಬ ಹೆಂಗಸು, "ಬಾಯಿ ನೋಡಿ ಹುಡುಗೀದು, ಬಾಯಿ!" ಎಂದಳು. ಕೈ ಎತ್ತಿಸಿದರು. ಮೊದಲ ಸಾಲಿಗೆ ಭಾನುವಾರದ ಉಡುಪಿಲ್ಲದವರು ಬರಕೂಡದು, ಅಂಗಿಯವರು ಮೆರವಣಿಗೆಯ ಕೊನೆಗೆ ನಡೆಯಲಿ ಎಂದು ನಾಲ್ಕು ಕೈ. ಬೇಡ ಎಂದು ಮೂರು. ನಾಲ್ಕನೆಯ ಕೈ ಓಜೆಲ್ಲಾಳದು. ಎತ್ತುವಾಗ ಅವಳು ಮೊಮ್ಮಗಳ ಕಡೆ ನೋಡಲಿಲ್ಲ, ಗೋಡೆಯ ಮೇಲಿನ ಫೋಟೋ ನೋಡಿದಳು.

ಮನೆಗೆ ಬಂದ ಮೇಲೆ ತಮೈರಾ ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎನಿಸಿತು ಓಜೆಲ್ಲಾಗೆ. ಕಾಳು ಬೇಯಿಸಿ, ಜೋಳದ ರೊಟ್ಟಿ ಮಾಡಿ ಮುಂದಿಟ್ಟರೆ ಹುಡುಗಿ ತಟ್ಟೆ ತೆಗೆದುಕೊಂಡು ತನ್ನ ಕೋಣೆಗೆ ಹೋಗಿ ತಿಂದಳು. ಬುಧವಾರವೂ ಹಾಗೇ.

ಗುರುವಾರ ಬೆಳಿಗ್ಗೆ ತಮೈರಾ ಕೆಲಸಕ್ಕೆ ಹೋಗುವ ಮುಂಚೆ ದೊಡ್ಡ ಪ್ಲಾಸ್ಟಿಕ್ ಚೀಲವೊಂದನ್ನು ಹಿಂದಿನ ಪಡಸಾಲೆಯಲ್ಲಿ ಇಟ್ಟುಹೋದಳು. ಓಜೆಲ್ಲಾ ಗುಡಿಸಲು ಹೋದಾಗ ಬಾಯಿ ಬಿಚ್ಚಿ ನೋಡಿದಳು. ನಲವತ್ತೂ ಅಂಗಿಗಳನ್ನು ಒದ್ದು ತುಂಬಿದ ಹಾಗೆ ತುಂಬಿದ್ದರು. ಹಸುವಿನ ಬಾಯಿಂದ ಎಳೆದು ತೆಗೆದ ಹಾಗೆ ಸುಕ್ಕು. ಒಂದನ್ನು ತೆಗೆದು ಕೊಡವಿದಳು. ಮಾರ್ಕೆಲ್‌ನ ನಗುವಿನ ಮೇಲೆಲ್ಲ ಸುಕ್ಕು. ಏಳು ವರ್ಷದವನಿದ್ದಾಗ ಇದೇ ಪಡಸಾಲೆಯಲ್ಲಿ ಕೂತು ಪೀಚ್ ಹಣ್ಣು ತಿಂದು, ಬೀಜವನ್ನು ಆ ಹಲ್ಲಿನ ಸಂದಿಯಿಂದ ಉಗಿಯಲು ನೋಡುತ್ತಿದ್ದ ಹುಡುಗ.

ಕೊನೆಯಲ್ಲೇ ನಡೆಯಲಿ, ಆದರೆ ನನ್ನ ಮನೆಯಿಂದ ಸುಕ್ಕಾದ ಬಟ್ಟೆಯಲ್ಲಿ ಯಾರೂ ಬೀದಿಗೆ ಇಳಿಯುವುದಿಲ್ಲ ಎಂದುಕೊಂಡಳು ಓಜೆಲ್ಲಾ. ಹುಡುಗಿಯ ಜೊತೆ ಮಾತಾಡಲು ಬಾಯಿ ಬಾರದಿದ್ದರೆ ಕೈ ಇದೆಯಲ್ಲ.

ಗಂಜಿ ಕಾಯಿಸಿದಳು. ಮುಚ್ಚಳಕ್ಕೆ ತೂತು ಹೊಡೆದ ಸೋಡಾ ಬಾಟಲಿಯಲ್ಲಿ ತುಂಬಿದಳು. ಅಂಗಿಗಳನ್ನು ಮುಖಕ್ಕೆ ಮುಖ ಕೊಟ್ಟು ಜೋಡಿಸಿದಳು. ಮಾರ್ಕೆಲ್‌ನ ಮುಖಕ್ಕೆ ಕಬ್ಬಿಣ ತಾಗಬಾರದಲ್ಲ. ಬೆನ್ನ ಮೇಲೆ ಇಸ್ತ್ರಿ ಇಟ್ಟು ಎಪ್ಪತ್ತೇಳು ವರ್ಷದ ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿದಳು. ಗಂಟೆ ಮೂರಾಗುವಾಗ ಇಪ್ಪತ್ತು ಜೋಡಿಗಳು ಹಲಗೆಯ ಕೆಳಗೆ ಪೇರಿಸಿ ಕೂತಿದ್ದವು. ಬೆನ್ನುಗಳು ಕನ್ನಡಿಯ ಹಾಗೆ ನುಣುಪು, ಪ್ರತಿಯೊಂದು ತೋಳಿಗೂ ಗೆರೆ. ಬಿಸಿಲಿಳಿಯುವ ಮೊದಲೇ ತಮೈರಾ ಬಂದಳು. ಓಜೆಲ್ಲಾ ಪಡಸಾಲೆಯ ಕಡೆ ಕೈ ತೋರಿಸಿದಳು.

ತಮೈರಾ ಹಲಗೆ ಸರಿಸಿ ಮೇಲಿನ ಜೋಡಿಯನ್ನು ಎತ್ತಿಕೊಂಡಳು. ಬಿಡಿಸಲು ಹೋದಳು. ಬರಲಿಲ್ಲ. ಎಳೆದಳು. ಹಳೆ ಗಾಯದಿಂದ ಪಟ್ಟಿ ಕೀಳುವಂಥ ಸದ್ದಾಯಿತು.

ಆ ಬಣ್ಣ ಪ್ಲಾಸ್ಟಿಕ್ ಬೆರೆತದ್ದು. ಕಾವು ತಾಗಿದರೆ ಕರಗುತ್ತದೆ, ಎದುರಿಗೆ ಏನಿದೆಯೋ ಅದನ್ನು ಕಚ್ಚಿಕೊಳ್ಳುತ್ತದೆ. ಓಜೆಲ್ಲಾಗೆ ಗೊತ್ತಿರಲಿಲ್ಲ. ಅವಳ ಲಾಂಡ್ರಿಗೆ ಅಂಥ ಬಟ್ಟೆ ಬಂದಿರಲೇ ಇಲ್ಲ. ಒಂದು ಅಂಗಿಯಲ್ಲಿ ಮಾರ್ಕೆಲ್‌ನ ಒಂದು ಕಣ್ಣೂ ಅರ್ಧ ನಗುವೂ ಉಳಿದಿದ್ದವು. ಇನ್ನೊಂದರಲ್ಲಿ ಟೋಪಿಯೂ ಕೆನ್ನೆಯೂ ಕಲಸಿ ಹೋಗಿದ್ದವು. ತಮೈರಾ ಎರಡನೆಯ ಜೋಡಿ ಬಿಡಿಸಿದಳು. ಮೂರನೆಯದು. ಆಮೇಲೆ ನಿಲ್ಲಿಸಿದಳು.

"ಅಜ್ಜೀ." ಹುಡುಗಿಯ ದನಿ ಕೆಳಗಿತ್ತು. "ಬೇಕಂತಲೇ ಮಾಡಿದ್ಯಾ?"

"ಏನಂದೆ?"

"ಮಂಗಳವಾರ ಕೈ ಎತ್ತಿದೆ. ಗುರುವಾರ ಇದು."

"ಸುಕ್ಕಾಗಿತ್ತು ಕೂಸೇ. ಸುಕ್ಕಾಗಿತ್ತು ಅಂತ..."

ತಮೈರಾ ಕಾರಿನ ಕೀಲಿಕೈ ತೆಗೆದುಕೊಂಡು ಹೋದಳು. ಆ ದಿನ ಮನೆಗೆ ಬರಲಿಲ್ಲ. ಓಜೆಲ್ಲಾ ಉಳಿದ ಹದಿನೇಳು ಜೋಡಿಗಳನ್ನು ತಾನೇ ಕೂತು ಒಂದೊಂದಾಗಿ ಬಿಡಿಸಿದಳು, ಒಂದರಲ್ಲಾದರೂ ಮುಖ ಉಳಿದಿರಬಹುದು ಎಂದು. ಒಂದರಲ್ಲೂ ಉಳಿದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕಾಫಿಗೆ ನೀರಿಡುವ ಹೊತ್ತಿಗೆ ಡೀಕನ್ ಪ್ರೂಯಿಟ್ ಕೋಲೂರಿಕೊಂಡು ಬಂದರು. ಇನ್ನೊಂದು ಕೈಯಲ್ಲಿ ಹೆಂಡತಿ ಕೊಟ್ಟು ಕಳಿಸಿದ ಬೆಣ್ಣೆ ಕೇಕು. ಸುದ್ದಿ ಫೋನಿನಲ್ಲಿ ಊರೆಲ್ಲ ಓಡಾಡಿ ಮುಗಿದಿತ್ತು.

"ಸಿಸ್ಟರ್ ಓಜೆಲ್ಲಾ," ಎಂದು ಚರ್ಚಿನವರ ವಾಡಿಕೆಯಲ್ಲಿ ಕರೆದು, ನಗುತ್ತಾ ಕುರ್ಚಿ ಎಳೆದುಕೊಂಡರು, "ನಾವು ಏಳು ಜನ ಕೂತು ಮಾಡಕ್ಕಾಗ್ದೇ ಇದ್ದಿದ್ದನ್ನ ನಿನ್ನ ಇಸ್ತ್ರಿಪೆಟ್ಟಿಗೆ ಒಂದೇ ಮಧ್ಯಾಹ್ನದಲ್ಲಿ ಮಾಡ್ತಲ್ಲೇ."

"ಅದು ಕೈತಪ್ಪಿ ಆಗಿದ್ದು ಯುಲಿಸಿಸ್."

"ಆಯ್ತು ಆಯ್ತು, ಕೈತಪ್ಪೇ ಆಯ್ತು ಅನ್ನೋಣ." ಕಣ್ಣು ಮಿಟುಕಿಸಿದರು. "ನೀನು ಅವತ್ತೂ ಹೀಗೇ. ಚರ್ಚಿನ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಬಟ್ಟೆ ನೋಡಿ ಒಳಗೆ ಬಿಡ್ತಿದ್ದೆ. ಹೊಲದಿಂದ ಹಾಗೇ ಬಂದಿದ್ದಳಲ್ಲ ಒಬ್ಬಳು, ಮಂಡಿ ತನಕ ಮಣ್ಣು. ಏನವಳ ಹೆಸರು? ನೆಟ್ಟಗೆ ವಾಪಸ್ ಕಳಿಸ್ದೆ. ಹದಿನೇಳು ವರ್ಷದ ಹುಡುಗಿ, ಏನ್ ಗಟ್ಟಿತನ ಅಂತ ನಮ್ಮಪ್ಪ ಸಾಯೋ ತನಕ ಹೇಳ್ತಿದ್ರು."

"ಬರ್ನೆಟ್ಟಾ," ಎಂದಳು ಓಜೆಲ್ಲಾ.

ಆ ಹೆಸರನ್ನು ಅವಳು ಮರೆತಿರಲಿಲ್ಲ. ಹತ್ತಿಯ ಹೊಲದಲ್ಲಿ ಕಳೆ ಕೀಳುತ್ತಿದ್ದ ಹುಡುಗಿ. ಮೆರವಣಿಗೆ ಇದೆ ಎಂದು ಕೇಳಿ ನಾಲ್ಕು ಮೈಲಿ ಓಡಿಬಂದಿದ್ದಳು. "ಮನೆಗೆ ಹೋಗಿ ಬೇರೆ ಬಟ್ಟೆ ಹಾಕ್ಕೊಂಡು ಬಾ" ಎಂದಿದ್ದಳು ಓಜೆಲ್ಲಾ. ಅವಳು ತನ್ನ ಬಟ್ಟೆಯನ್ನು ನೋಡಿಕೊಂಡಳು, ಒಳಗೆ ಸಾಲು ನಿಂತ ಬಿಳಿ ಬಟ್ಟೆಗಳನ್ನು ನೋಡಿದಳು, ಹಿಂದಕ್ಕೆ ತಿರುಗಿದಳು. ಮತ್ತೆ ಬರಲಿಲ್ಲ. ಬೇರೆ ಬಟ್ಟೆ ಇದ್ದರಲ್ಲವೇ ಬರುವುದು? ಆಮೇಲೆ ನಲವತ್ತು ವರ್ಷ ಅವಳು ಓಜೆಲ್ಲಾಳ ಮನೆಯಿಂದ ಎರಡು ಬೀದಿ ಆಚೆ ಬದುಕಿದಳು. ಊರಿಗೆ ಊರೇ ಇಸ್ತ್ರಿಗೆ ತಂದು ಕೊಟ್ಟರೂ ಬರ್ನೆಟ್ಟಾ ಒಂದು ಕರವಸ್ತ್ರವನ್ನೂ ಕೊಡಲಿಲ್ಲ. ಸತ್ತಾಗ ಅವಳ ಮೈಮೇಲಿನ ಬಟ್ಟೆಯನ್ನೂ ಬೇರೆ ಯಾರೋ ಇಸ್ತ್ರಿ ಮಾಡಿದ್ದರು. ಓಜೆಲ್ಲಾ ಶವಪೆಟ್ಟಿಗೆಯ ಪಕ್ಕ ನಿಂತಾಗ ಮೊದಲು ನೋಡಿದ್ದು ಅದನ್ನೇ. ಕಾಲರು ಮಡಿಚಿಕೊಂಡಿತ್ತು.

"ಯುಲಿಸಿಸ್," ಎಂದಳು ಓಜೆಲ್ಲಾ, "ಬರ್ನೆಟ್ಟಾ ನಮ್ಮ ಜೊತೆ ನಡೆದಿದ್ರೆ ಏನಾಗ್ತಿತ್ತು?"

"ಏನಾಗ್ತಿತ್ತು ಅಂದ್ರೆ?"

"ನಿನ್ನ ತಲೆಗೆ ಇನ್ನೊಂದು ಏಟು ಬೀಳ್ತಿತ್ತಾ?"

ಡೀಕನ್ ಕೇಕಿನ ತಟ್ಟೆಯನ್ನು ಮೇಜಿನ ಮೇಲೆ ಸುಮ್ಮನೆ ಸರಿಸಿದರು. "ನೀನು ಹೀಗೆಲ್ಲಾ ಮಾತಾಡ್ತೀಯ ಅಂತ ಅಂದ್ಕೊಂಡಿರ್ಲಿಲ್ಲ."

"ನಾನೂ ಅಂದ್ಕೊಂಡಿರ್ಲಿಲ್ಲ. ಕೇಕು ವಾಪಸ್ ತಗೊಂಡ್ಹೋಗು. ಇದನ್ನ ತಿಂದ್ರೆ ಬೇಕಂತಲೇ ಮಾಡ್ದೆ ಅಂತ ಒಪ್ಕೊಂಡ ಹಾಗಾಗತ್ತೆ."

ಅವರು ಹೋದ ಮೇಲೆ ಅವಳು ನಲವತ್ತು ಅಂಗಿಗಳನ್ನು ಮಡಿಸಿ ಬುಟ್ಟಿಗೆ ತುಂಬಿದಳು. ಮೊದಲು ಹೋಗಬೇಕಾದ್ದು ಮೊಮ್ಮಗಳ ಹತ್ತಿರ ಅಲ್ಲ. ಕೆಡಿಸಿದ್ದು ರೆನೀಟಾಳ ಮಗನ ಮುಖ.

ರೆನೀಟಾ ಮೆಟ್ಟಿಲ ಮೇಲೆ ಕೂತು ಬೀನ್ಸ್ ನಾರು ತೆಗೆಯುತ್ತಿದ್ದಳು. ಓಜೆಲ್ಲಾ ಬುಟ್ಟಿ ಇಳಿಸಿ, ಒಂದು ಅಂಗಿ ಬಿಡಿಸಿ ಅವಳ ತೊಡೆಯ ಮೇಲೆ ಹರಡಿದಳು. ಹೇಗಾಯಿತು ಎಂದು ಮೊದಲಿಂದ ಕೊನೆಯವರೆಗೆ ಹೇಳಿದಳು. ಮಂಗಳವಾರ ಕೈ ಎತ್ತಿದ್ದನ್ನೂ ಬಿಡಲಿಲ್ಲ.

ರೆನೀಟಾ ಹರಿದ ಕೆನ್ನೆಯ ಮೇಲೆ ಹೆಬ್ಬೆರಳು ಓಡಿಸಿದಳು.

"ಇದಕ್ಕಿಂತ ಕೆಟ್ಟದಾಗಿ ನೋಡಿದೀನಿ ಇವನ ಮುಖಾನ, ಮಿಸ್ ಓಜೆಲ್ಲಾ," ಎಂದಳು. "ಲಾಕಪ್ಪಲ್ಲಿ ಬಟ್ಟೆ ಸರಿಸಿ ತೋರಿಸಿದ್ರಲ್ಲ."

ಓಜೆಲ್ಲಾ ಅಂಗಿಯನ್ನು ಮಡಿಸಿ ಬುಟ್ಟಿಗೆ ಹಾಕಲು ಕೈ ಚಾಚಿದಳು. ರೆನೀಟಾ ಬಿಡಲಿಲ್ಲ.

"ಇವನ್ನ ಬಿಸಾಕಬೇಡಿ. ಅವರು ನನ್ನ ಮಗನಿಗೆ ಮಾಡಿದ್ದು ಹೀಗೇನೇ ಇತ್ತು. ಜನ ನೋಡ್ಲಿ." ಆಮೇಲೆ ಬೀನ್ಸ್ ತಟ್ಟೆ ಪಕ್ಕಕ್ಕಿಟ್ಟು ಎದ್ದಳು. "ಆದ್ರೆ ಅವನು ನಗ್ತಾ ಇದ್ದಿದ್ದೂ ಇರ್ಬೇಕು. ಅದೂ ಬೇಕು ನನಗೆ. ತಮೈರಾಗೆ ಹೇಳಿ."

ಚಪ್ಪಲಿ ಅಂಗಡಿಯಲ್ಲಿ ಐದಾರು ಹುಡುಗರು ನೆಲದ ಮೇಲೆ ಕೂತಿದ್ದರು. ಅಂಗಿ ಹೊಸದಾಗಿ ತರಿಸಲು ಹೊತ್ತಿರಲಿಲ್ಲ; ಹತ್ತಿರದ ಅಂಗಡಿಗಳಲ್ಲಿ ಅಷ್ಟು ಇರಲಿಲ್ಲ. ಬುಟ್ಟಿ ಹೊತ್ತ ಮುದುಕಿ ಬಾಗಿಲಲ್ಲಿ ಕಾಣಿಸಿದಾಗ, ಕೂದಲು ಜಡೆಗಟ್ಟಿಸಿ ಸೊಂಟದ ತನಕ ಬಿಟ್ಟಿದ್ದ ಕ್ವಿಂಟನ್ ಎಂಬ ಹುಡುಗ, "ಚೌಕಟ್ಟು ಬಚ್ಚಿಡ್ರೋ, ಇಸ್ತ್ರಿ ಬಂತು!" ಎಂದ. ಯಾರೋ ನಕ್ಕರು. ತಮೈರಾ ನಗಲಿಲ್ಲ.

"ನಗ್ರಪ್ಪಾ, ನಗ್ರಿ. ನಗಕ್ಕೆ ಬಂದಿಲ್ಲ ನಾನು, ನಗಬೇಡಿ ಅನ್ನೋಕೂ ಬಂದಿಲ್ಲ." ಓಜೆಲ್ಲಾ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. "ನಾನು ಬೇಕಂತ ಮಾಡಿಲ್ಲ. ನಂಬಿ ಅಂತ ಕೇಳಲ್ಲ. ಕೆಲಸ ಹೇಳಿ, ಮಾಡ್ತೀನಿ."

ತಮೈರಾ ಒಂದು ಅಂಗಿ ಎತ್ತಿ ತಿರುಗಿಸಿ ನೋಡಿದಳು. ತೋಳಿನ ಗೆರೆಯ ಮೇಲೆ ಬೆರಳಾಡಿಸಿದಳು.

"ಬೇಕಂತ ಮಾಡಿಲ್ಲ ಅಂತ ನನಗೆ ನಿನ್ನೆ ರಸ್ತೆ ತಿರುವಲ್ಲೇ ಗೊತ್ತಾಯ್ತು ಅಜ್ಜಿ," ಎಂದಳು. "ನೀನು ಕೈಬಟ್ಟೇನೂ ಮುಖ ಒಳಗೆ ಮಾಡೇ ಇಸ್ತ್ರಿ ಮಾಡೋಳು. ಕೆಡಿಸ್ಬೇಕು ಅಂತಿದ್ರೆ ಇಷ್ಟು ಚೆನ್ನಾಗಿ ಮಾಡ್ತಿರ್ಲಿಲ್ಲ. ಇದು ಕೈತಪ್ಪು. ಆದ್ರೆ ಕಮಿಟೀಲಿ ಎತ್ತಿದ ಕೈ ಇದೆಯಲ್ಲ, ಅದು ತಪ್ಪಿ ಎತ್ತಿದ್ದಲ್ಲ. ಬೇಕಂತಲೇ ಎತ್ತಿದ್ದು."

ಓಜೆಲ್ಲಾ ತಲೆ ಆಡಿಸಿದಳು. "ಹೌದು. ಅದು ಬೇಕಂತಲೇ."

ರೆನೀಟಾ ಹೇಳಿ ಕಳಿಸಿದ್ದನ್ನು ತಿಳಿಸಿದಳು. ತಮೈರಾ ಅಂಗಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ನೇರವಾದ, ಗಂಜಿಯಿಟ್ಟ, ಒಂದು ಸುಕ್ಕಿಲ್ಲದ ಬೆನ್ನು.

"ಬೆನ್ನ ಮೇಲೆ ಹಾಕೋಣ," ಎಂದಳು. "ಮುಂದೆ ಅವರು ಮಾಡಿದ್ದು. ಹಿಂದೆ ಅವನು ಇದ್ದಿದ್ದು."

"ಬೆನ್ನ ಮೇಲೆ ಹಾಕಿದ್ರೆ ಯಾರೇ ನೋಡ್ತಾರೆ?" ಎಂದ ಕ್ವಿಂಟನ್. "ನಮ್ಮನ್ನ ಕೊನೇಗೆ ತಳ್ಳಿದಾರೆ. ನಮ್ಮ ಹಿಂದೆ ಇರೋದು ಪೊಲೀಸ್ ಕಾರು ಒಂದೇ."

ಎಲ್ಲರೂ ಓಜೆಲ್ಲಾಳ ಕಡೆ ನೋಡಿದರು.

"ನಿಮ್ಮ ಹಿಂದೆ ಜನ ಇರೋ ಹಾಗೆ ನಾನು ಮಾಡ್ತೀನಿ," ಎಂದಳು ಅವಳು. "ಈಗ ಆ ರಬ್ಬರ್ ಪಟ್ಟಿ ಹೇಗೆ ಹಿಡಿಯೋದು ತೋರಿಸು."

ಸುಲಭವಿರಲಿಲ್ಲ. ಚೌಕಟ್ಟಿಗೆ ಬಿಗಿದ ಬಲೆಬಟ್ಟೆಯ ಮೇಲೆ ಬಣ್ಣ ಸುರಿದು, ರಬ್ಬರ್ ಪಟ್ಟಿಯಿಂದ ಒಂದೇ ಎಳೆತದಲ್ಲಿ ಎಳೆಯಬೇಕು. ಓಜೆಲ್ಲಾ ಇಸ್ತ್ರಿಯ ಹಾಗೆ ಮೇಲಿಂದ ಭಾರ ಬಿಟ್ಟಳು. ಬಣ್ಣ ಚೌಕಟ್ಟಿನ ಅಡಿಯಿಂದ ಹೊರಗೆ ಹರಿಯಿತು.

"ಅಜ್ಜಿ, ಒತ್ತಬೇಡ! ಎಳಿ, ಒತ್ತಬೇಡ."

"ಅರವತ್ತು ವರ್ಷದಿಂದ ಒತ್ತೇ ಬಂದಿರೋದು ನಾನು."

"ಗೊತ್ತಾಗ್ತಿದೆ."

"ಬಾಯಿ ನೋಡು ನಿಂದು."

ಕ್ವಿಂಟನ್ ಪಕ್ಕಕ್ಕೆ ತಿರುಗಿ ನಕ್ಕ. ಐದನೆಯದಕ್ಕೆ ಅವಳ ಕೈ ಹದಕ್ಕೆ ಬಂತು. ಗಂಜಿಯಿಟ್ಟ ಬಟ್ಟೆ ಅಲುಗದೆ ನಿಂತಿದ್ದರಿಂದ ಅಚ್ಚು ಹಿಂದಿನದಕ್ಕಿಂತ ಸ್ವಚ್ಛ ಬಿದ್ದಿತು. ಹಲ್ಲಿನ ಸಂದು ಕೂದಲೆಳೆಯಷ್ಟು ಸರಿಯಾಗಿ ಬಂತು. ತಮೈರಾ ಅದನ್ನು ಹತ್ತಿರದಿಂದ ನೋಡಿದಳು. ಮುಂದಿನ ಅಂಗಿಯನ್ನು ಅಜ್ಜಿಯ ಕಡೆಗೇ ತಳ್ಳಿದಳು. ಸಂಜೆಗೆ ನಲವತ್ತೂ ಹಗ್ಗದ ಮೇಲೆ ಹಾರುತ್ತಿದ್ದವು.

ಶನಿವಾರ ಬೆಳಿಗ್ಗೆ ಎಂಟಕ್ಕೆ ಮೌಂಟ್ ನೀಬೋ ಚರ್ಚಿನ ಮೆಟ್ಟಿಲ ಮುಂದೆ ಜನ ನೆರೆದಿತ್ತು. ಡೀಕನ್ ಪ್ರೂಯಿಟ್ ಭಾನುವಾರದ ಬಿಳಿ ಸೂಟಿನಲ್ಲಿ, ಕೈಯಲ್ಲಿ ಹೆಸರಿನ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಓಜೆಲ್ಲಾ ಬಿಳಿ ಉಡುಪು, ಬಿಳಿ ಕೈಚೀಲ, ಬಿಳಿ ಹ್ಯಾಟು ತೊಟ್ಟು ಬಂದಳು. ಅವಳ ಹಿಂದೆ ನಲವತ್ತು ಕಪ್ಪು ಅಂಗಿಗಳು. ಹುಡುಗರ ನಡುವೆ ರೆನೀಟಾ ಕೂಡ, ಅವರದೇ ಅಂಗಿಯಲ್ಲಿ. ಎದೆಯ ಮೇಲಿನ ಹರಿದ ಮುಖ ನೋಡಿ ಜನರ ಮಾತು ತಗ್ಗಿತು.

"ಬಾ ಸಿಸ್ಟರ್, ನಿನ್ನ ಜಾಗ ಇಲ್ಲಿ," ಎಂದರು ಡೀಕನ್. "ಮಕ್ಕಳೆಲ್ಲ ಹಿಂದಕ್ಕೆ ಹೋಗಿ."

"ಯುಲಿಸಿಸ್, ಮಂಗಳವಾರ ಎತ್ತಿದ ಕೈನ ನಾನು ಇಳಿಸ್ತಾ ಇದೀನಿ."

"ಕಮಿಟಿ ಮುಗಿದುಹೋಯ್ತಲ್ಲ."

"ಮತ್ತೆ ಶುರು ಮಾಡು. ಏಳೂ ಜನ ಇಲ್ಲೇ ಇದೀವಿ, ಎಲ್ರಿಗೂ ಕೈ ಇದೆ."

"ಮೆಟ್ಟಿಲ ಮೇಲಾ?"

"ಅವತ್ತು ನಾವು ರಸ್ತೆ ಮೇಲೇ ಎಲ್ಲಾ ಮಾಡಿದ್ದು." ಓಜೆಲ್ಲಾ ಉಳಿದವರ ಕಡೆ ತಿರುಗಿದಳು. ದನಿ ಏರಿಸಲಿಲ್ಲ, ಆದರೆ ಹಿಂದಿನವರೆಗೂ ಕೇಳಿತು. "ಇದೇ ಬಾಗಿಲಲ್ಲಿ ನಿಂತು ನಾನು ಬರ್ನೆಟ್ಟಾನ ವಾಪಸ್ ಕಳಿಸ್ದೆ. ಮಣ್ಣಾಗಿದ್ದಳು ಅಂತ. ಅವಳಿಗೂ ವೋಟು ಬೇಕಿತ್ತು. ಅರವತ್ತು ವರ್ಷ ನಾನು ಮುಂದಿನ ಸಾಲಲ್ಲಿ ನಡೆದಾಗ ಅವಳು ಒಂದ್ ಸಲಾನೂ ಎಲ್ಲೂ ಇರ್ಲಿಲ್ಲ. ಇವತ್ತು ಈ ಬಾಗಿಲಿಂದ ಇನ್ನೊಬ್ಬರನ್ನ ಹಿಂದಕ್ಕೆ ಕಳಿಸಲ್ಲ. ಅಂಗಿಯೋರು ಮುಂದೆ ನಡೀಲಿ ಅನ್ನೋರು ಕೈ ಎತ್ತಿ."

ಅವಳು ಎತ್ತಿದಳು. ಮಂಗಳವಾರ ಬೇಡ ಎಂದಿದ್ದ ಮೂರು ಜನ ಎತ್ತಿದರು. ನಾಲ್ಕಾಯಿತು.

ಡೀಕನ್ ಪ್ರೂಯಿಟ್ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ನಾನಂತೂ ಹಿಂದೆ ನಡೆಯಲ್ಲ," ಎಂದರು. "ನನ್ನ ತಲೆ ಒಡೆದ ಜಾಗದ ತನಕ ನಾನು ಮುಂದೇನೇ ನಡೀತೀನಿ. ಯಾರು ಏನೇ ಹಾಕ್ಕೊಂಡಿರ್ಲಿ."

"ನಡೀರಿ ಡೀಕನ್," ಎಂದಳು ತಮೈರಾ. "ಬೇಡ ಅಂದೋರ್ಯಾರು?" ಮೊದಲ ಸಾಲಿನ ನಡುವೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟಳು. ಅವರು ಅವಳ ಮುಖ ನೋಡದೆ ಬಂದು ಅಲ್ಲಿ ನಿಂತರು, ಒಂದು ಪಕ್ಕ ರೆನೀಟಾ, ಇನ್ನೊಂದು ಪಕ್ಕ ಕ್ವಿಂಟನ್‌ನ ಜಡೆಗಳು.

ಓಜೆಲ್ಲಾ ಹಿಂದೆ ಸರಿದಳು. ಅರವತ್ತು ವರ್ಷದಲ್ಲಿ ಮೊದಲ ಸಲ ಅವಳ ಮುಂದೆ ರಸ್ತೆಯ ಬದಲು ಬೆನ್ನುಗಳಿದ್ದವು. ನಲವತ್ತು ಬೆನ್ನು, ನಲವತ್ತು ನಗು. ಅಂದು ನಡೆದವರಲ್ಲಿ ಉಳಿದ ಏಳು ಜನ ಹಿರಿಯರು ಸ್ವಲ್ಪ ಹೊತ್ತು ಮೆಟ್ಟಿಲ ಹತ್ತಿರವೇ ನಿಂತಿದ್ದರು. ಆಮೇಲೆ ಒಬ್ಬೊಬ್ಬರಾಗಿ ಅವಳ ಎಡಕ್ಕೂ ಬಲಕ್ಕೂ ಬಂದು ಸೇರಿದರು. ಅವರ ಹಿಂದೆ ಊರು.

ಹೊರಡುವ ಮುಂಚೆ ತಮೈರಾ ಸಾಲು ಬಿಟ್ಟು ಹಿಂದಕ್ಕೆ ಬಂದಳು. ಅಜ್ಜಿಗೆ ಬೆನ್ನು ತಿರುಗಿಸಿ ನಿಂತಳು.

"ನೆಟ್ಟಗಿದೆಯಾ ಅಜ್ಜಿ?"

ಓಜೆಲ್ಲಾ ಅಂಗಿಯ ಅಂಚು ಹಿಡಿದು ಒಮ್ಮೆ ಕೆಳಕ್ಕೆ ಎಳೆದಳು. ಮಾರ್ಕೆಲ್‌ನ ಕೆನ್ನೆಯ ಮೇಲಿದ್ದ ಒಂದು ಸಣ್ಣ ಸುಕ್ಕು ಹೋಯಿತು.

"ನೆಟ್ಟಗಿದೆ. ನಡಿ."

ಮುಂದೆ ಹುಡುಗರು ಡೋಲು ಬಡಿದರು. ಹಿಂದಿನಿಂದ ಹಿರಿಯರು ತಮ್ಮ ಹಳೆಯ ಹಾಡು ಎತ್ತಿದರು. ಒಂದರ ತಾಳ ಇನ್ನೊಂದಕ್ಕೆ ಸೇರಲಿಲ್ಲ, ಕೋರ್ಟ್‌ಹೌಸು ಬರುವ ತನಕ ಸೇರಲೇ ಇಲ್ಲ. ಓಜೆಲ್ಲಾ ಡೋಲಿಗೂ ಕಾಲು ಹಾಕಲಿಲ್ಲ, ಹಾಡಿಗೂ ಹಾಕಲಿಲ್ಲ. ಎದುರಿನ ಹಲ್ಲಿನ ಸಂದಿಯ ಮೇಲೆ ಕಣ್ಣು ನೆಟ್ಟು, ತನ್ನದೇ ಹೆಜ್ಜೆಯಲ್ಲಿ, ಒಂದು ಗೇಣೂ ಹಿಂದೆ ಬೀಳದೆ ನಡೆದಳು.